ಎರಡು ಬೆರಳಲ್ಲಿ ಹಿಡಿದ ಚಪ್ಪಲಿ

ಕಲಬುರಗಿಯಲ್ಲಿ ಕಾಲೇಜು ಹುಡುಗರನ್ನು ಕಟ್ಟಿಕೊಂಡು ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕ ಮಾಡಿಸಿದೆ. ಬಸವಣ್ಣ ಮತ್ತು ಕಲ್ಯಾಣದ ಶರಣರ ಕಥೆ ಅದು. ಬಸವಕಲ್ಯಾಣ ನಮಗೆ ಪಕ್ಕದ ಊರು ಇದ್ದ ಹಾಗೆ, ಅದಕ್ಕೇ ಕಥೆ ಹೇಳಿಕೊಡುವ ಕೆಲಸ ಇರಲಿಲ್ಲ. ತೊಂದರೆ ಆಗಿದ್ದೂ ಅದರಿಂದಲೇ. ಬಸವ ಜಯಂತಿ ಮೆರವಣಿಗೆಯ ಟ್ರ್ಯಾಕ್ಟರ್ ಮೇಲೆ ನಿಂತವರ ಹಾಗೆ ಎಲ್ಲರೂ ಕೈ ಮುಗಿದು, ಗದ್ದ ಎತ್ತಿ ನಿಲ್ಲುತ್ತಿದ್ದರು.

ನಾಟಕ ಬಂದದ್ದು 1990ರಲ್ಲಿ, ಅಯೋಧ್ಯೆಯ ಮಂದಿರ ಮತ್ತು ಮಂಡಲ್ ಮೀಸಲಾತಿಯ ಗದ್ದಲದ ನಡುವೆ. 12ನೇ ಶತಮಾನದ್ದು ಅಂತ ಜರಿ, ಕಿರೀಟ ಹಾಕಿಬಿಟ್ಟರೆ ಅದು ಅಲ್ಲೇ ಉಳಿದುಬಿಡುತ್ತದೆ, ಅಲ್ವಾ? ಬಾಡಿಗೆ ಡ್ರೆಸ್ ಬೇಡ, ಮನೆಯ ಧೋತರ, ಇಳಕಲ್ ಸೀರೆ ಸಾಕು ಅಂದೆ. ರಾಜ ಬಿಜ್ಜಳನ ಪಾತ್ರದವನು ಕಿರೀಟ ಇಲ್ಲ ಅಂತ ಎರಡು ದಿನ ಮಾತು ಬಿಟ್ಟ.

ನಾಟಕದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆ. ಎರಡೂ ಶರಣರ ಮನೆಗಳೇ. ಆದರೂ ಕಾರ್ನಾಡರ ಬಸವಣ್ಣ ಸುದ್ದಿ ಕೇಳಿ ಹಿಗ್ಗುವುದಿಲ್ಲ, ಮುಂದೆ ಏನಾದೀತು ಅಂತ ಹೆದರುತ್ತಾರೆ. ‘ಬಸವಣ್ಣ ಹೆದರ್ತಾರಾ ಸರ್?’ ಅಂತ ಹುಡುಗರು ಜಗಳಕ್ಕೇ ಬಂದರು. ಆ ಹೆದರಿಕೆ ಇಲ್ಲದಿದ್ದರೆ ನಾಟಕದಲ್ಲಿ ಏನು ಉಳಿಯಿತು ಅಂತ ನಾನೂ ಜಗಳ ಆಡಿದೆ.

ನಿಜವಾದ ಪಾಠ ಆದದ್ದು ಮಾತ್ರ ಚಪ್ಪಲಿಯಿಂದ. ಸೂಪರ್ ಮಾರ್ಕೆಟ್ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರಿಂದ ಒಂದು ಜೊತೆ ತೊಗಲಿನ ಚಪ್ಪಲಿ ತಂದಿದ್ದೆ. ಹರಳಯ್ಯ ಆದ ಹುಡುಗ ಅದನ್ನು ಎರಡೇ ಬೆರಳಲ್ಲಿ, ಮೈಯಿಂದ ದೂರ ಹಿಡಿಯುತ್ತಿದ್ದ. ಬೇಕಂತ ಅಲ್ಲ, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಎಷ್ಟು ಸಲ ಹೇಳಿದರೂ ಕೈ ಸುಮ್ನೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ಅವನನ್ನು ಕರೆದುಕೊಂಡು ಹೋಗಿ ಆ ಹಿರಿಯರ ಪಕ್ಕ ಕೂರಿಸಿದೆ. ಅವರು ಒಂದು ಹರಿದ ಚಪ್ಪಲಿ ಅವನ ತೊಡೆ ಮೇಲಿಟ್ಟು, ‘ತಮ್ಮಾ, ಹೀಂಗ ಹಿಡದರ ಹೊಲಿಗಿ ಹ್ಯಾಂಗ ಬೀಳ್ತದ?’ ಅಂದರು. ಅವನ ಮುಖ ಕೆಂಪಾಯಿತು. ನಾಲ್ಕು ಸಂಜೆ ಹೋದ. ತೊಗಲು ಕೊಯ್ಯುವ ರಂಪಿಗೆ ಹಿಡಿದು ಬೆರಳು ಕೊಯ್ದುಕೊಂಡೂ ಬಂದ. ಆಮೇಲೆ ಅವನ ಕೂರುವ ರೀತಿಯೇ ಬದಲಾಯಿತು.

ಆ ಮದುವೆ ಮಾಡಿಸಿದ್ದಕ್ಕೆ ಹರಳಯ್ಯ, ಮಧುವರಸರಿಗೆ ಆಗುವ ಶಿಕ್ಷೆಗೆ ರಕ್ತ ಗಿಕ್ತ ಏನೂ ಇಡಲಿಲ್ಲ. ಬರೀ ಕತ್ತಲು, ಹಲಗೆ ಸದ್ದು, ರಂಗದ ನಡುವೆ ಆ ಚಪ್ಪಲಿ.

ನಾಟಕದ ದಿನ ಹಿರಿಯರನ್ನೂ ಕರೆದಿದ್ದೆ. ಬಂದರು. ಹಿಂದೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತರು. ಮುಂದೆ ಕುರ್ಚಿ ಖಾಲಿ ಇದ್ದವು, ಕೂಡ್ರಿ ಅಂತ ಎರಡು ಸಲ ಹೇಳಿದೆ.

‘ಇರಲ್ರಿ ಸರ್, ಇಲ್ಲೇ ಚಲೋ ಕಾಣ್ತದ’ ಅಂದರು.