ಸ್ತನ ಕ್ಯಾನ್ಸರ್‌ಗೆ ಜೀನ್ ಟೆಸ್ಟ್: ಮೊದಲು ಒಂದು ಹಾಳೆ ತಗೊಳ್ಳಿ

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಡಾಕ್ಟರು 'ಜೀನ್ ಟೆಸ್ಟ್ ಮಾಡಿಸಿ' ಅಂದರೆ ಎದೆ ಧಸಕ್ ಅನ್ನುತ್ತದೆ. ಹೆದರಬೇಡಿ. ಈ ಕಾಯಿಲೆ ಬಂದ 100 ಜನರಲ್ಲಿ 5ರಿಂದ 10 ಜನರಿಗಷ್ಟೇ ಅದು ಹೆತ್ತವರಿಂದ ಬಂದ ಜೀನ್ ದೋಷದಿಂದ ಆಗಿರುತ್ತದೆ. ನೀವು ಅವರಲ್ಲಿ ಒಬ್ಬರಾ ಎಂದು ನೋಡುವುದೇ ಈ ಟೆಸ್ಟ್.

ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಮೂರು ತಲೆಮಾರು ಬರೆಯಿರಿ. ನಮ್ಮ ಕೊಡಗಿನಲ್ಲಿ ಒಕ್ಕದ, ಅಂದರೆ ಮನೆತನದ ಹೆಸರು ಹೇಳಿದರೆ ಸಾಕು, ಅಜ್ಜಂದಿರ ಸಾಲೇ ಬಾಯಿಗೆ ಬರುತ್ತದೆ. ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಅತ್ತೆಯಂದಿರು, ಅವರ ಹೆಣ್ಣುಮಕ್ಕಳು ಮಾತ್ರ ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಇಲ್ಲಿ ಬೇಕಾದವರು ಅವರೇ. ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಾಯಿಯಿಂದಲೂ ಬರುತ್ತದೆ, ತಂದೆಯಿಂದಲೂ ಬರುತ್ತದೆ. ಅಪ್ಪ ಗಟ್ಟಿಮುಟ್ಟಾಗಿದ್ದರೂ ಅಪ್ಪನ ಅಕ್ಕನಿಗೆ ಕ್ಯಾನ್ಸರ್ ಬಂದಿರಬಹುದು ಅಲ್ವಾ? ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲಮನೆ) ಎಲ್ಲರೂ ಸೇರಿದಾಗ ವಯಸ್ಸಾದ ಅಜ್ಜಿಯ ಪಕ್ಕ ಕೂತು ಕೇಳಿ. 'ಅವಳು ಹೊಟ್ಟೆಯಲ್ಲಿ ನೀರು ತುಂಬಿ ಹೋದಳು' ಅಂದರೆ ಅದನ್ನೂ ಹಾಗೇ ಬರೆದುಕೊಳ್ಳಿ, ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು. ಯಾವ ವಯಸ್ಸಿನಲ್ಲಿ ಆಯಿತು ಎಂಬುದನ್ನು ಮರೆಯದೆ ಕೇಳಿ.

50 ವರ್ಷದೊಳಗೆ ಕಾಯಿಲೆ ಬಂದವರು, ರಿಪೋರ್ಟ್‌ನಲ್ಲಿ 'ಟ್ರಿಪಲ್ ನೆಗೆಟಿವ್' (ಗಡ್ಡೆಯಲ್ಲಿ ಹುಡುಕುವ ಇಆರ್, ಪಿಆರ್, ಹರ್2 ಎಂಬ ಮೂರೂ ಗುರುತು ಇಲ್ಲ) ಎಂದಿರುವವರು, ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಅಥವಾ ಗಂಡಸರಿಗೆ ಸ್ತನ ಕ್ಯಾನ್ಸರ್ ಆಗಿರುವವರು ಡಾಕ್ಟರನ್ನು ಈ ಟೆಸ್ಟ್ ಬಗ್ಗೆ ಕೇಳಲೇಬೇಕು. ಆಪರೇಷನ್‌ಗೆ ಮುಂಚೆಯೇ ಕೇಳಿದರೆ ಒಳ್ಳೆಯದು, ಎಷ್ಟು ತೆಗೆಯಬೇಕು ಎಂಬ ತೀರ್ಮಾನವೇ ಬದಲಾಗಬಹುದು.

ಟೆಸ್ಟ್ ಸುಲಭ. ಸ್ವಲ್ಪ ರಕ್ತ, ಇಲ್ಲವೇ ಎಂಜಲು. ಎಂಜಲು ಕೊಡುವುದಾದರೆ ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕಾಫಿಯೂ ಕುಡಿಯಬಾರದು. ಮನೆಯಲ್ಲಿ ಮೊದಲು ಟೆಸ್ಟ್ ಆಗಬೇಕಾದದ್ದು ಕಾಯಿಲೆ ಬಂದವರಿಗೆ. ಆರೋಗ್ಯವಾಗಿರುವ ತಂಗಿಗೆ ಮೊದಲು ಮಾಡಿಸಿದರೆ 'ಇಲ್ಲ' ಅಂತ ಬಂದರೂ ಅದರಿಂದ ಜಾಸ್ತಿ ಏನೂ ತಿಳಿಯುವುದಿಲ್ಲ. ರಿಪೋರ್ಟ್ ಬರಲು ಕೆಲವು ವಾರ ಹಿಡಿಯುತ್ತದೆ. ಅದನ್ನು ವಿಡಿಯೊ ಕಾಲ್‌ನಲ್ಲೇ ವಿವರಿಸುತ್ತಾರಾ ಎಂದು ಮೊದಲೇ ವಿಚಾರಿಸಿ, ಮಡಿಕೇರಿಯಿಂದ ಇನ್ನೊಂದು ಸಲ ಮೈಸೂರು, ಬೆಂಗಳೂರು ಬಸ್ ಹತ್ತುವುದು ತಪ್ಪಬಹುದು.

ರಿಪೋರ್ಟ್‌ನಲ್ಲಿ ದೋಷ ಇದೆ, ಇಲ್ಲ ಅಂತಷ್ಟೇ ಅಲ್ಲ, 'ಬದಲಾವಣೆ ಇದೆ, ಅದರ ಅರ್ಥ ಇನ್ನೂ ಸ್ಪಷ್ಟವಿಲ್ಲ' ಅಂತಲೂ ಬರಬಹುದು. ಹಾಗೆ ಬಂದರೆ ಅದೊಂದನ್ನೇ ನಂಬಿ ಆಪರೇಷನ್‌ಗೆ ಹೋಗಬೇಡಿ. ದೋಷ ಇದೆ ಎಂದಾದರೆ ಕೆಲವರಿಗೆ ಓಲಾಪರಿಬ್‌ನಂಥ ಮಾತ್ರೆ ಉಪಯೋಗಕ್ಕೆ ಬರುತ್ತದೆ. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಆ ದೋಷ ಹೋಗಿರುವ ಸಾಧ್ಯತೆ ಶೇ 50, ಹೆಣ್ಣಾಗಲಿ ಗಂಡಾಗಲಿ. ಅಣ್ಣತಮ್ಮಂದಿರಿಗೂ ಹೇಳಿ, ರಿಪೋರ್ಟ್‌ನ ಒಂದು ಜೆರಾಕ್ಸ್ ಕೊಡಿ. ಅದು ಕೈಯಲ್ಲಿದ್ದರೆ ಲ್ಯಾಬ್‌ನವರು ಅವರಲ್ಲಿ ಆ ಒಂದು ದೋಷವನ್ನಷ್ಟೇ ಹುಡುಕಿದರೆ ಸಾಕು, ಖರ್ಚೂ ಸಾಮಾನ್ಯವಾಗಿ ಕಡಿಮೆ.