ಡೈಪರ್ ರ‍್ಯಾಶ್: ಕ್ರೀಮ್‌ಗಿಂತ ಒರೆಸೋ ರೀತಿ ಮುಖ್ಯ

ಮಗಳಿಗೆ ಗಟ್ಟಿ ಊಟ ಕೊಡೋಕೆ ಶುರು ಮಾಡಿದ್ಮೇಲೆ ಡೈಪರ್ ರ‍್ಯಾಶ್ ಜಾಸ್ತಿ ಆಯ್ತು. ಸುಮಾರು 9ರಿಂದ 12 ತಿಂಗಳಲ್ಲಿ ಇದು ಹೆಚ್ಚು ಕಾಣಿಸ್ಕೊಳ್ಳತ್ತೆ, ಊಟ ಬದಲಾದಾಗ ಕಕ್ಕನೂ ಬದಲಾಗತ್ತಲ್ಲ. ಕುಂಡಿ, ತೊಡೆ ಒಳಗಡೆ ಎಲ್ಲಾ ಕೆಂಪಗೆ ಆಗಿ, ವೈಪ್ಸ್ ಹತ್ರ ತಂದ್ರೇ ಸಾಕು ಕಾಲು ಮಡಚ್ಕೊಂಡು ಕಿರುಚ್ತಿದ್ಳು.

ಬರೀ ಒದ್ದೆಯಿಂದ ಮಾತ್ರ ಹಿಂಗಾಗಲ್ಲ. ಒದ್ದೆಯಲ್ಲಿ ನೆಂದು ನೆಂದು ಚರ್ಮ ಮೆತ್ತಗಾಗಿರತ್ತೆ, ಅದರ ಮೇಲೆ ಉಚ್ಚೆ ಕಕ್ಕ ಎರಡೂ ಸೇರಿದ್ರೆ ಅಮೋನಿಯಾ ಆಗತ್ತೆ, ಆಗ ಕಕ್ಕದಲ್ಲಿರೋ, ಊಟ ಅರಗಿಸೋ ಕಿಣ್ವಗಳು ಇನ್ನೂ ಚುರುಕಾಗಿ ಚರ್ಮನ ಕೆರಳಿಸ್ತವೆ. ಅದಕ್ಕೇ ನಾನು ಹಗಲು ಎರಡು ಮೂರು ಗಂಟೆಗೊಂದ್ಸಲ ಬದಲಾಯಿಸ್ತಿದ್ದೆ, ಕಕ್ಕ ಆಗಿದ್ರೆ ಮಾತ್ರ ಕೈಯಲ್ಲಿ ಏನು ಕೆಲಸ ಇದ್ರೂ ಬಿಟ್ಟು ಆಗಲೇ ಬಿಚ್ತಿದ್ದೆ.

ಇನ್ನು ಒರೆಸೋದು. ಎಲ್ಲರೂ ಯಾವ ಕ್ರೀಮ್ ಒಳ್ಳೇದು ಅಂತ ಕೇಳ್ತಾರೆ, ಉಜ್ಜೋದ್ರ ಬಗ್ಗೆ ಯಾರೂ ಕೇಳಲ್ಲ, ನನ್ನ ಪ್ರಕಾರ ಅರ್ಧ ರ‍್ಯಾಶ್ ವಾಸಿ ಆಗದೇ ಇರೋದು ಉಜ್ಜೋದ್ರಿಂದನೇ. ಚರ್ಮ ಕೆಂಪಗಿರೋವಷ್ಟು ದಿನ ವೈಪ್ಸ್ ಎತ್ತಿಟ್ಟು ಉಗುರುಬೆಚ್ಚಗಿನ ನೀರು ನಿಧಾನಕ್ಕೆ ಹುಯ್ದು ತೊಳೀತಿದ್ದೆ, ಸೋಪಿಲ್ಲ, ಆಮೇಲೆ ಮೆತ್ತನೆ ಹತ್ತಿ ಬಟ್ಟೆ ಒತ್ತಿ ಒತ್ತಿ ಎತ್ತೋದು, ಎಳೆಯೋ ಹಂಗಿಲ್ಲ. ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಪೂರ್ತಿ ಒಣಗಿದ್ಮೇಲೆ ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ, ಕೆಳಗಿನ ಚರ್ಮ ಕಾಣದ ಹಂಗೆ ಹಚ್ಚೋದು. ತೆಳ್ಳಗೆ ಸವರಿದ್ರೆ ಒದ್ದೆ ತಡೆಯಲ್ಲ. ಮುಂದಿನ ಸಲ ಬಿಚ್ಚಿದಾಗ ಕ್ರೀಮ್ ಇನ್ನೂ ಇರತ್ತೆ, ಮೇಲಿನ ಗಲೀಜು ಪದರ ಮಾತ್ರ ತೆಗೆದು, ಕೆಳಗಿಂದು ಹಂಗೇ ಬಿಟ್ಟು, ಅದರ ಮೇಲೇ ಮತ್ತೆ ಹಚ್ತಿದ್ದೆ. ನಮ್ಮಮ್ಮ ನೋಡಿ "ಬಿಳೀದು ಹಂಗೇ ಮೆತ್ಕೊಂಡಿದೆಯಲ್ಲೇ, ನೀಟಾಗಿ ತೊಳಿ" ಅಂದ್ರು. ಇರ್ಲಿ ಬಿಡಮ್ಮ, ಅದನ್ನ ಕೀಳೋಕೆ ಹೋದ್ರೆ ಹೊಸ ಚರ್ಮನೂ ಕಿತ್ತು ಬರತ್ತೆ ಅಂದೆ. ತೆಗೀಲೇಬೇಕು ಅನ್ಸಿದ್ರೆ ಹತ್ತಿಗೆ ಬೇಬಿ ಆಯಿಲ್ ಹಾಕ್ಕೊಂಡು ಒತ್ತಿದ್ರೆ ಸಲೀಸಾಗಿ ಬರತ್ತೆ.

ಹಗಲು ಮಲಗಿದಾಗ ಡೈಪರ್ ಇಲ್ದೇ ಟವೆಲ್ ಮೇಲೆ ಮಲಗಿಸ್ತಿದ್ದೆ, ಕೆಳಗೊಂದು ರಬ್ಬರ್ ಶೀಟು. ಬಟ್ಟೆ ಒಗೆಯೋ ಕೆಲಸ ಜಾಸ್ತಿ, ಹೌದು, ಆದ್ರೆ ಇದ್ರಷ್ಟು ಬೇಗ ಕೆಂಪು ಇಳಿಸಿದ್ದು ಬೇರೆ ಯಾವ್ದೂ ಇಲ್ಲ. ಪೌಡರ್ ಮಾತ್ರ ಬೇಡವೇ ಬೇಡ, ಉಸಿರಲ್ಲಿ ಶ್ವಾಸಕೋಶಕ್ಕೆ ಹೋಗತ್ತೆ.

ಒಂದ್ಸಲ ಆ್ಯಂಟಿಬಯೋಟಿಕ್ ಕೊಟ್ಟ ಮೇಲೆ ಬಂದ ರ‍್ಯಾಶ್ ಮಾತ್ರ ಬೇರೆ ಥರ ಇತ್ತು. ಸಾಮಾನ್ಯ ರ‍್ಯಾಶ್‌ನಲ್ಲಿ ತೊಡೆ ಸಂದಿ ಚೆನ್ನಾಗೇ ಇರತ್ತೆ, ಡೈಪರ್ ತಾಗೋ ಉಬ್ಬಿದ ಜಾಗ ಮಾತ್ರ ಕೆಂಪು. ಈ ಸಲ ಸಂದಿ ಒಳಗೇ ಕಡುಗೆಂಪು, ಸುತ್ತ ಅಂಚಲ್ಲಿ ಬಿಡಿ ಬಿಡಿ ಸಣ್ಣ ಗುಳ್ಳೆ. ಜಿಂಕ್ ಹಚ್ಚಿ ಎರಡು ಮೂರು ದಿನ ನೋಡಿದ್ರೂ ಇಳೀಲಿಲ್ಲ, ಡಾಕ್ಟರ್ ನೋಡಿ ಕ್ಯಾಂಡಿಡಾ ಫಂಗಸ್ ಅಂದ್ರು, ಕ್ಲೋಟ್ರಿಮಝೋಲ್ ಅನ್ನೋ ಫಂಗಸ್ ಕ್ರೀಮ್ ಬರ್ಕೊಟ್ರು. ಅದನ್ನ ಮೊದ್ಲು ತೆಳ್ಳಗೆ ಹಚ್ಚಿ, ಅದರ ಮೇಲೆ ಜಿಂಕ್. ಮೆಡಿಕಲ್‌ನಲ್ಲಿ ಕೇಳಿದ್ರೆ ಸ್ಟೀರಾಯ್ಡ್ ಮಿಕ್ಸ್ ಆಗಿರೋ ಕ್ರೀಮ್ ಕೊಟ್ಬಿಡೋದುಂಟು, ಡಾಕ್ಟರ್ ಹೇಳದೇ ಅದನ್ನ ದಯವಿಟ್ಟು ಹಚ್ಬೇಡಿ, ಡೈಪರ್ ಮುಚ್ಚಿರೋದ್ರಿಂದ ಔಷಧಿ ಮೈಯೊಳಗೆ ಜಾಸ್ತಿ ಇಳಿಯತ್ತೆ. ಜ್ವರ, ಕೀವು, ನೀರುಗುಳ್ಳೆ, ರಕ್ತ ಇವುಗಳಲ್ಲಿ ಯಾವ್ದು ಕಂಡ್ರೂ ಮನೇಲಿ ಏನೂ ಟ್ರೈ ಮಾಡ್ತಾ ಕೂರ್ಬೇಡಿ, ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ.