ಕಪ್ಪು ಎರಡು, ಬಿಳಿ ಮೂರು: ಹಾಡಿನ ಕೀ ಹಿಡಿಯಲು ನಾನು ಕಲಿತ ಬಗೆ

ಚಿಕ್ಕಮ್ಮನ ಮಗಳ ಮೆಹಂದಿ. ಕುಂದಾಪುರದ ಹತ್ತಿರ, ಮನೆಯಂಗಳದಲ್ಲೇ ಚಪ್ಪರ. ನಮ್ಮ ಕಡೆ ಈಗ ಮೆಹಂದಿ ಅಂದರೆ ಡಿಜೆ ಇರಲೇಬೇಕು ಅಲ್ವಾ. ಮನೆ ಹುಡುಗನೇ ಇದ್ದಾನಲ್ಲ ಅಂತ ನನ್ನನ್ನೇ ಕೂರಿಸಿದರು. ರಾತ್ರಿ ಹತ್ತರ ಹೊತ್ತಿಗೆ ಎರಡು ಹಾಡುಗಳನ್ನು ಒಂದರೊಳಗೊಂದು ಸೇರಿಸಿದೆ. ಎರಡೂ 124 ಬಿಪಿಎಂ, ಅಂದರೆ ನಿಮಿಷಕ್ಕೆ 124 ಬೀಟ್. ಕಿಕ್ (ದೊಡ್ಡ ಡ್ರಮ್ಮಿನ ಏಟು) ಮೇಲೆ ಕಿಕ್ ಸರಿಯಾಗಿ ಕೂತಿತ್ತು. ಆದರೂ ಹದಿನಾರು ಬಾರ್ (ತಾಳದ ಸುತ್ತು) ಉದ್ದಕ್ಕೂ ಏನೋ ಹುಳಿ ಹುಳಿ. ಹಾಲು ಒಡೆದ ಹಾಗೆ. ಕೇಬಲ್ ಸರಿಯಿಲ್ಲವೇನೋ ಅಂದುಕೊಂಡು ಎರಡು ಸಲ ಅಲ್ಲಾಡಿಸಿ ನೋಡಿದೆ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಕಾಫಿ ಲೋಟ ಹಿಡಿದುಕೊಂಡು ಬಂದರು. ಅವರು ಬಹಳ ವರ್ಷ ಯಕ್ಷಗಾನ ಮೇಳದಲ್ಲಿ ಭಾಗವತರ ಹಿಂದೆ ಶ್ರುತಿ ಹಿಡಿದು ಕೂತವರು. "ನಿನ್ನೆ ರಾತ್ರಿ ಎಂತದಾ ಅದು? ಬಿಳಿ ಮೂರರಲ್ಲಿ ಪದ್ಯ ಹೇಳುವವರ ಹಿಂದೆ ಕಪ್ಪು ಎರಡು ಹಿಡಿದ ಹಾಗಾಯ್ತು ಮಾರಾಯ" ಅಂದರು. ಅಷ್ಟೇ. ದೋಸೆ ತಿನ್ನಲು ಹೋದರು.

ನಾನು ಫೋನಿನಲ್ಲಿ ಪಿಯಾನೋ ಆ್ಯಪ್ ತೆಗೆದು ಎರಡೂ ಹಾಡು ಹಾಕಿ ನೋಡಿದೆ. ಒಂದು ಇ ಮೈನರ್. ಇನ್ನೊಂದು ಡಿ ಶಾರ್ಪ್ ಮೈನರ್. ಅಕ್ಷರಶಃ ಬಿಳಿ ಮೂರು, ಕಪ್ಪು ಎರಡು.

ಹಾರ್ಮೋನಿಯಂ ಲೆಕ್ಕ ಗೊತ್ತಿಲ್ಲದವರಿಗೆ ಒಂದು ಮಾತು. ಸಿ ಮನೆಯಿಂದ ಶುರು ಮಾಡಿ ಬಿಳಿ ಮನೆಗಳನ್ನು ಒಂದರಿಂದ ಏಳರವರೆಗೆ ಎಣಿಸುತ್ತಾರೆ, ಕಪ್ಪು ಮನೆಗಳನ್ನು ಒಂದರಿಂದ ಐದರವರೆಗೆ. ಬಿಳಿ ಒಂದು ಅಂದರೆ ಸಿ, ಬಿಳಿ ಮೂರು ಇ, ಕಪ್ಪು ಎರಡು ಡಿ ಶಾರ್ಪ್, ಕಪ್ಪು ಮೂರು ಎಫ್ ಶಾರ್ಪ್. ಭಾಗವತರ ಶ್ರುತಿ ಯಾವುದು ಅಂತ ಕೇಳಿದರೆ ಮೇಳದವರು ಹೇಳುವುದು ಹೀಗೆಯೇ. ಮದ್ದಳೆಯನ್ನೂ ಅದಕ್ಕೇ ಕೂಡಿಸಿಕೊಳ್ಳುತ್ತಾರೆ. ಡಿಜೆಗಳು ಕೀ ಅನ್ನುವುದರಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಪಾಲು ಮೇಜರೋ ಮೈನರೋ ಅನ್ನುವುದು, ಅಂದರೆ ಸ್ವರಗಳ ಜೋಡಣೆ ಯಾವ ಬಗೆಯದು ಅಂತ.

ಊರಿಂದ ಬೆಂಗಳೂರಿಗೆ ವಾಪಸ್ ಬಂದವನು ಮೊದಲು ಮಾಡಿದ್ದು ಸುಲಭದ ಕೆಲಸ. ಇಡೀ ಲೈಬ್ರರಿಯನ್ನು ಸಾಫ್ಟ್‌ವೇರ್‌ಗೆ ಕೊಟ್ಟು ಅನಲೈಸ್ ಮಾಡಿಸಿದೆ. ರೆಕಾರ್ಡ್‌ಬಾಕ್ಸ್, ಸೆರಾಟೊ, ಟ್ರ್ಯಾಕ್ಟರ್, ದುಡ್ಡು ಕೊಡದೆ ಸಿಗುವ ಮಿಕ್ಸ್ (Mixxx), ಈಗ ಎಲ್ಲವೂ ಕೀ ತೋರಿಸುತ್ತವೆ. ಯಾವ ಕೀಗೆ ಯಾವುದು ಸೇರುತ್ತದೆ ಅಂತ ತೋರಿಸುವ ಕ್ಯಾಮೆಲಾಟ್ ಚಕ್ರದ ನಂಬರ್ ಬಂತು. ಗಡಿಯಾರದ ಹಾಗೆ 1ರಿಂದ 12. ಮೈನರ್‌ಗೆ ಎ, ಮೇಜರ್‌ಗೆ ಬಿ. ಎ ಮೈನರ್ ಅಂದರೆ 8ಎ, ಸಿ ಮೇಜರ್ ಅಂದರೆ 8ಬಿ. 8ಎ ಹಾಡಿಗೆ ಇನ್ನೊಂದು 8ಎ ಸೇರುತ್ತದೆ. ಪಕ್ಕದ 7ಎ, 9ಎ ಸೇರುತ್ತವೆ. ಅದೇ ನಂಬರಿನ 8ಬಿ ಕೂಡ ಸೇರುತ್ತದೆ. ನನ್ನ ಮೆಹಂದಿಯ ಹಾಡುಗಳು 9ಎ ಮತ್ತು 2ಎ. ಚಕ್ರದಲ್ಲಿ ಎಲ್ಲಿಂದ ಎಲ್ಲಿಗೆ! ಹಾರ್ಮೋನಿಯಂ ಮೇಲೆ ಒತ್ತಿಕೊಂಡೇ ಇರುವ ಮನೆಗಳು ಚಕ್ರದಲ್ಲಿ ಐದು ಹೆಜ್ಜೆ ದೂರ. ಇದು ತಲೆಗೆ ಹತ್ತಲು ನನಗೆ ಸ್ವಲ್ಪ ದಿನ ಬೇಕಾಯಿತು.

ಪಕ್ಕದ ನಂಬರ್ ಯಾಕೆ ಸೇರುತ್ತದೆ ಅಂದರೆ ಏಳು ಸ್ವರಗಳಲ್ಲಿ ಆರು ಒಂದೇ. ಸಿ ಮೇಜರ್‌ಗೂ ಜಿ ಮೇಜರ್‌ಗೂ ಒಂದೇ ಸ್ವರದ ವ್ಯತ್ಯಾಸ, ಎಫ್ ಇದ್ದಲ್ಲಿ ಎಫ್ ಶಾರ್ಪ್. ಸಿ ಯನ್ನೇ ಷಡ್ಜ (ಸ) ಅಂತ ಇಟ್ಟುಕೊಂಡು ನೋಡಿದರೆ ಅದು ಶಂಕರಾಭರಣ ರಾಗಕ್ಕೂ ಕಲ್ಯಾಣಿ ರಾಗಕ್ಕೂ ನಡುವೆ ಇರುವ ಮಧ್ಯಮದ (ಮ) ವ್ಯತ್ಯಾಸ. ಚಕ್ರವನ್ನು ಉರು ಹೊಡೆಯುವ ಬದಲು ಇದನ್ನು ಒಂದು ಸಲ ಬಾರಿಸಿ ಕೇಳಿದ್ದಕ್ಕೆ ನನಗೆ ಅದು ಉಳಿಯಿತು.

ಸ್ವಲ್ಪ ಸಮಯ ನಂಬರ್ ನೋಡಿಕೊಂಡೇ ಬಾರಿಸಿದೆ. ಹೊಸ ಹೌಸ್ ಟ್ರ್ಯಾಕ್‌ಗಳಲ್ಲಿ ಏನೂ ತೊಂದರೆ ಇಲ್ಲ. ಆದರೆ ಮದುವೆಗಳಲ್ಲಿ ಕೇಳುವುದು ಅದನ್ನಲ್ಲ. ಹಳೇ ಕನ್ನಡ ಸಿನಿಮಾ ಹಾಡು, ಹಿಂದಿ ಹಾಡು, ತುಳು ಹಾಡು. ಅಲ್ಲಿ ನಂಬರ್ ಸರಿ ಇದ್ದೂ ಹುಳಿ, ನಂಬರ್ ತಪ್ಪಿದ್ದೂ ಸಿಹಿ. ಒಂದೇ ಹಾಡನ್ನು ಎರಡು ಪ್ರೋಗ್ರಾಂಗೆ ಕೊಟ್ಟೆ. ಒಂದು 8ಎ ಅಂತು, ಇನ್ನೊಂದು 9ಎ. ದೊಡ್ಡಪ್ಪನಿಗೆ ಫೋನ್ ಮಾಡಿದೆ.

"ದೊಡ್ಡಪ್ಪ, ನೀವು ಹೊಸಬರ ಪದ್ಯಕ್ಕೆ ಶ್ರುತಿ ಹೇಗೆ ಹಿಡೀತಿದ್ರಿ?"

"ಪದ್ಯ ಎಲ್ಲಿ ಕೂರ್ತದೆ ನೋಡು. ಎಲ್ಲಿ ಓಡಾಡ್ತದೆ ಅಂತ ನೋಡಬೇಡ."

ಸಾಫ್ಟ್‌ವೇರ್ ಮಾಡುವುದು ಸರಿಯಾಗಿ ಇದರ ಉಲ್ಟಾ. ಹಾಡಿನಲ್ಲಿ ಹನ್ನೆರಡು ಸ್ವರಗಳ ಪೈಕಿ ಯಾವುದು ಎಷ್ಟು ಜಾಸ್ತಿ ಕೇಳುತ್ತದೆ ಅಂತ ಅಳೆಯುತ್ತದೆ. ಆ ಲೆಕ್ಕವನ್ನು 24 ಮೇಜರ್, ಮೈನರ್ ಅಚ್ಚುಗಳಿಗೆ ಹೋಲಿಸುತ್ತದೆ. ಯಾವುದಕ್ಕೆ ಜಾಸ್ತಿ ಹೊಂದುತ್ತದೋ ಅದನ್ನು ಬರೆಯುತ್ತದೆ. ಅಂದರೆ ಓಡಾಡುವುದನ್ನೇ ಎಣಿಸುತ್ತದೆ. ಆದ್ದರಿಂದ ಅದು ತಪ್ಪಿದಾಗಲೂ ಒಂದು ಕ್ರಮದಲ್ಲಿ ತಪ್ಪುತ್ತದೆ. ಒಂದೋ ಪಂಚಮವನ್ನು (ಪ) ಷಡ್ಜ ಅಂದುಕೊಳ್ಳುತ್ತದೆ, ಇಲ್ಲವೇ ಮೇಜರ್ ಮೈನರ್ ಅದಲು ಬದಲು ಮಾಡುತ್ತದೆ. ನನ್ನ ಹಾಡಿಗೆ 8ಎ, 9ಎ ಎರಡೂ ಬಂದದ್ದು ಈ ಪಂಚಮದ ಗೊಂದಲದಿಂದಲೇ. ಎ ಯ ಪಂಚಮ ಇ ಅಲ್ವಾ.

ಅಲ್ಲಿಂದ ಕಿವಿಯ ಅಭ್ಯಾಸ ಶುರು. ಎರಡು ಆಕ್ಟೇವಿನ ಸಣ್ಣ ಮಿಡಿ ಕೀಬೋರ್ಡ್ ತಗೊಂಡೆ. ರಾತ್ರಿ ಊಟ ಆದ ಮೇಲೆ ದಿನಕ್ಕೆ ಹತ್ತು ಹಾಡು. ಒಂದು ನೋಟ್‌ಬುಕ್, ಮೂರು ಕಾಲಂ: ನನ್ನ ಊಹೆ, ಸಾಫ್ಟ್‌ವೇರ್ ಹೇಳಿದ್ದು, ಕೊನೆಗೆ ಕೀಬೋರ್ಡ್‌ನಲ್ಲಿ ಖಾತ್ರಿಯಾದದ್ದು. ಸಾಫ್ಟ್‌ವೇರ್ ಕಾಲಂ ಮುಚ್ಚಿಟ್ಟುಕೊಂಡೇ ಊಹೆ ಬರೆಯುತ್ತಿದ್ದೆ. ಮೊದಲ ವಾರ ಹತ್ತಕ್ಕೆ ಮೂರು ಸರಿಯಾದರೆ ಹೆಚ್ಚು.

ಕೆಲಸ ಹೀಗಿತ್ತು. ಹಾಡಿನ ಎಂಟು ಬಾರ್ ಲೂಪ್ ಹಾಕುವುದು. ಹೆಡ್‌ಫೋನಿನಲ್ಲಿ ಹೈ, ಮಿಡ್ ಎರಡನ್ನೂ ಇಳಿಸಿ ಬೇಸ್ ಮಾತ್ರ ಉಳಿಸಿಕೊಳ್ಳುವುದು. ಆಮೇಲೆ ಸುಮ್ನೆ ಗುನುಗುವುದು. ಹಾಡಿನ ರಾಗ ಅಲ್ಲ, ತಂಬೂರಿ ಎಳೆದ ಹಾಗೆ ಒಂದೇ ಸ್ವರ. ಲೂಪ್ ನಿಲ್ಲಿಸಿದ ಮೇಲೂ ಗಂಟಲಲ್ಲಿ ಆ ಸ್ವರ ಉಳಿಯಬೇಕು. ಆಗ ಕೀಬೋರ್ಡ್ ಮೇಲೆ ಅದನ್ನು ಹುಡುಕುವುದು. ಮೊದಲೇ ಕೀಬೋರ್ಡ್ ಮುಟ್ಟಿದರೆ ಕೆಟ್ಟಿತು. ಬೆರಳು ಒತ್ತಿದ್ದೆಲ್ಲ ಸರಿ ಅನ್ನಿಸಲು ಶುರುವಾಗುತ್ತದೆ. ಈ ತಪ್ಪನ್ನು ನಾನು ಒಂದು ತಿಂಗಳು ಮಾಡಿದ್ದೇನೆ.

ಸ್ವರ ಸಿಕ್ಕಿದ ಮೇಲೆ ಅದನ್ನು ಒತ್ತಿ ಹಿಡಿದು ಪೂರ್ತಿ ಹಾಡು ಓಡಿಸುವುದು. ಸಾಲಿನ ಕೊನೆಗೆ, ಪಲ್ಲವಿ ಮುಗಿಯುವ ಜಾಗದಲ್ಲಿ, ಹಾಡು ಬಂದು ಆ ಸ್ವರದ ಮೇಲೆ ಆರಾಮಾಗಿ ಕೂತರೆ ಅದೇ ಷಡ್ಜ. ಸೇರುತ್ತದೆ, ಆದರೆ ಇನ್ನೂ ಏನೋ ಬಾಕಿ ಇದೆ ಅನ್ನಿಸಿದರೆ ಅದು ಬಹುಶಃ ಪಂಚಮ. ಆಮೇಲೆ ಗಾಂಧಾರದ (ಗ) ಪರೀಕ್ಷೆ. ಕಪ್ಪು ಬಿಳಿ ಎರಡನ್ನೂ ಎಣಿಸಿದರೆ ಷಡ್ಜದಿಂದ ನಾಲ್ಕು ಮನೆ ಮೇಲಿನದು ಅಂತರ ಗಾಂಧಾರ, ಮೂರು ಮನೆ ಮೇಲಿನದು ಸಾಧಾರಣ ಗಾಂಧಾರ. ಎರಡನ್ನೂ ಒತ್ತಿ ನೋಡಿದರೆ ಒಂದು ಕಚ್ಚುತ್ತದೆ, ಒಂದು ಕರಗುತ್ತದೆ. ನಾಲ್ಕು ಕರಗಿದರೆ ಮೇಜರ್, ಮೂರು ಕರಗಿದರೆ ಮೈನರ್. ಸುಮಾರು ಮೂರು ತಿಂಗಳಲ್ಲಿ ಹತ್ತಕ್ಕೆ ಏಳು, ಎಂಟು ಸರಿಯಾಗಲು ಶುರುವಾಯಿತು.

ಆದರೂ ಒಂದು ಜಾತಿಯ ಹಾಡು ನನ್ನನ್ನು ಸತಾಯಿಸುತ್ತಲೇ ಇತ್ತು. ನಾಲ್ಕೇ ಕಾರ್ಡ್ (chord, ಒಟ್ಟಿಗೆ ಬಾರಿಸುವ ಸ್ವರಗಳ ಗೊಂಚಲು) ಸುತ್ತುವ ಹಾಡುಗಳು. ಎ ಮೈನರ್, ಎಫ್, ಸಿ, ಜಿ, ಮತ್ತೆ ಎ ಮೈನರ್. ಎಲ್ಲೂ ಕೂರುವುದೇ ಇಲ್ಲ, ತಿರುಗುತ್ತಲೇ ಇರುತ್ತದೆ. ಎ ಮೇಲೆ ಗುನುಗಿದರೂ ಸರಿ, ಸಿ ಮೇಲೆ ಗುನುಗಿದರೂ ಸರಿ. ಇದರ ಮೇಲೆ ಎಷ್ಟು ರಾತ್ರಿ ಕಳೆದೆನೋ. ಕೊನೆಗೆ ಹೊಳೆದದ್ದು ಗ್ರಹಭೇದ. ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಠಭೈರವಿ ಬರುತ್ತದೆ. ಸ್ವರಗಳು ಅವೇ, ಮನೆ ಮಾತ್ರ ಬೇರೆ. ಸಿ ಮೇಜರ್‌ಗೂ ಎ ಮೈನರ್‌ಗೂ ಇರುವ ಸಂಬಂಧ ಇದೇ. ಚಕ್ರದಲ್ಲಿ ಎರಡಕ್ಕೂ ಒಂದೇ ನಂಬರ್ ಕೊಟ್ಟಿರುವುದೂ ಇದಕ್ಕೇ. ಮಿಕ್ಸ್ ಮಾಡುವವನಿಗೆ 8ಎ ಆದರೂ 8ಬಿ ಆದರೂ ದೊಡ್ಡ ನಷ್ಟವಿಲ್ಲ. ಪರೀಕ್ಷೆ ಬರೆಯುವುದಿದ್ದರೆ ತಲೆ ಕೆಡಿಸಿಕೊಳ್ಳಬಹುದು. ನಾನು ಬಿಟ್ಟೆ.

ಮೋಹನದ ಛಾಯೆಯ ಹಾಡುಗಳು ಇನ್ನೂ ಖುಷಿ ಕೊಟ್ಟವು. ಮೋಹನದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಸಿ ಶ್ರುತಿಯ ಮೋಹನದ ಐದು ಸ್ವರಗಳು ಸಿ ಮೇಜರ್‌ನಲ್ಲೂ ಇವೆ, ಎಫ್ ಮೇಜರ್‌ನಲ್ಲೂ ಇವೆ, ಜಿ ಮೇಜರ್‌ನಲ್ಲೂ ಇವೆ. ಹಾಗಾಗಿ 7ಬಿ, 8ಬಿ, 9ಬಿ ಮೂರರ ಜೊತೆಯೂ ಜಗಳವಾಡುವುದಿಲ್ಲ. ಎಲ್ಲಿಂದ ಎಲ್ಲಿಗೋ ದಾಟಬೇಕಾದಾಗ ಇಂಥ ಒಂದು ಹಾಡು ಮಧ್ಯೆ ಇಟ್ಟರೆ ಕಾಲುಸಂಕದ ಹಾಗೆ ಕೆಲಸ ಮಾಡುತ್ತದೆ. ನನ್ನ ಹತ್ತಿರ ಅಂಥವುಗಳದ್ದೇ ಒಂದು ಬೇರೆ ಪ್ಲೇಲಿಸ್ಟ್ ಇದೆ.

ಇದಕ್ಕೆ ತದ್ವಿರುದ್ಧ ಮಾಯಾಮಾಳವಗೌಳ. ಶಾಲೆಗೆ ಹೋಗುವಾಗ ಎರಡು ವರ್ಷ ಸಂಗೀತ ಪಾಠಕ್ಕೆ ಹೋಗಿದ್ದೆ, ಅಲಂಕಾರದ ಹತ್ತಿರ ಬಿಟ್ಟೆ. ಎಲ್ಲರ ಹಾಗೆ ನಾನೂ ಕಲಿತ ಮೊದಲ ರಾಗ ಅದು. ಆ ಸ್ವರಗಳ ಒಂದು ಹಾಡಿಗೆ ಸಾಫ್ಟ್‌ವೇರ್ ಎಫ್ ಮೈನರ್ ಅಂತ ಬರೆದಿತ್ತು. ಹಾಡು ಕೂರುತ್ತಿದ್ದದ್ದು ಸಿ ಮೇಲೆ. ಸಾಫ್ಟ್‌ವೇರಿನ ತಪ್ಪು ಅಂತಲೂ ಅನ್ನುವ ಹಾಗಿಲ್ಲ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಧೈವತ, ಕಾಕಲಿ ನಿಷಾದ, ಇವೆಲ್ಲ ಒಟ್ಟಿಗೆ ಇರುವ ಅಚ್ಚೇ ಅದರ 24ರಲ್ಲಿ ಇಲ್ಲ. ಪಾಪ, ಹತ್ತಿರದ್ದೊಂದನ್ನು ಆರಿಸಿತು. ಇಂಥ ಹಾಡಿಗೆ ನಾನು ಚಕ್ರವನ್ನು ಪಕ್ಕಕ್ಕಿಡುತ್ತೇನೆ. ಷಡ್ಜ ಮಾತ್ರ ಬರೆದುಕೊಳ್ಳುತ್ತೇನೆ. ಅದೇ ಷಡ್ಜ, ಪಂಚಮ ಬಿಟ್ಟು ಬೇರೇನೂ ಬಾರಿಸದ ಬೇಸ್ ಇರುವ ಟ್ರ್ಯಾಕ್ ಸಿಕ್ಕಿದರೆ ಸೇರಿಸುತ್ತೇನೆ. ಸಿಗದಿದ್ದರೆ ಬರೀ ತಾಳ ಇರುವ ಜಾಗದಲ್ಲಿ ದಾಟಿಬಿಡುತ್ತೇನೆ. ಡೋಲು, ತಾಸೆಗೆ ಯಾರ ಕೀಯೂ ಬೇಡ.

ಹಳೇ ಹಾಡುಗಳ ಕಾಟ ಬೇರೆ. ಟೇಪಿನಿಂದ ಬಂದವು ಕೆಲವೊಮ್ಮೆ ಯಾವ ಮನೆಗೂ ಕೂರುವುದಿಲ್ಲ, ಎರಡು ಮನೆಗಳ ನಡುವೆ ನಿಂತಿರುತ್ತವೆ. ಟೇಪಿನ ವೇಗ ಒಂಚೂರು ಹೆಚ್ಚುಕಮ್ಮಿ ಆದರೆ ಶ್ರುತಿಯೂ ಜಾರುತ್ತದೆ. ಇಲ್ಲಿ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಕೀ ಲಾಕ್ (ವೇಗ ಬದಲಿಸಿದರೂ ಶ್ರುತಿ ಜಾರದಂತೆ ಹಿಡಿಯುವ ಬಟನ್) ಆಫ್ ಇದ್ದಾಗ ವೇಗವನ್ನು ಸುಮಾರು 6% ಏರಿಸಿದರೆ ಶ್ರುತಿ ಒಂದು ಮನೆ ಏರುತ್ತದೆ. ಅರ್ಧ ಮನೆಗೆ ಸುಮಾರು 3%. ನಡುವೆ ನಿಂತ ಹಾಡನ್ನು ಆಚೆಗೋ ಈಚೆಗೋ ಎಳೆದು ಮನೆಗೆ ಕೂರಿಸಲು ಅಷ್ಟು ಸಾಕು. ಕುಣಿಯುವವರಿಗೆ ಆ ವೇಗ ಗೊತ್ತೂ ಆಗುವುದಿಲ್ಲ.

ಇದೇ ಲೆಕ್ಕ ನನಗೆ ಒಮ್ಮೆ ಕೈಕೊಟ್ಟದ್ದೂ ಇದೆ. 100 ಬಿಪಿಎಂ ಹಾಡನ್ನು 106ಕ್ಕೆ ಏರಿಸಿ, 8ಎ ಅಂತ ಬರೆದಿದೆಯಲ್ಲ ಅಂತ ಇನ್ನೊಂದು 8ಎ ಜೊತೆ ಬಿಟ್ಟೆ. ಕೀ ಲಾಕ್ ಒತ್ತಿರಲಿಲ್ಲ. ಅದು ಆಗಲೇ 3ಎ ಆಗಿತ್ತು. ಮತ್ತೆ ಅದೇ ಒಡೆದ ಹಾಲು. ಹಾಗಂತ ಕೀ ಲಾಕ್ ಯಾವಾಗಲೂ ಆನ್ ಇಡುವುದೂ ನನಗೆ ಹಿಡಿಸುವುದಿಲ್ಲ. ವೇಗ ಜಾಸ್ತಿ ಬದಲಿಸಿದರೆ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ನಾದಸ್ವರ ಇರುವ ಹಾಡಿನಲ್ಲಂತೂ ತಕ್ಷಣ ಗೊತ್ತಾಗುತ್ತದೆ.

ಬೇರೆಯವರ ಪೆನ್‌ಡ್ರೈವ್ ಬಳಸುವಾಗ ನಂಬರ್ ಯಾವ ಪದ್ಧತಿಯದು ನೋಡಿಕೊಳ್ಳಿ. ಟ್ರ್ಯಾಕ್ಟರಿನ ಓಪನ್ ಕೀ ಅನ್ನುವ ಪದ್ಧತಿಯಲ್ಲಿ ಎ ಮೈನರ್ ಅಂದರೆ 1ಎಂ, ಸಿ ಮೇಜರ್ ಅಂದರೆ 1ಡಿ. ಕ್ಯಾಮೆಲಾಟಿನ ಒಂದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಒಂದು ಮಾತು ಹೇಳಲೇಬೇಕು. ಕೀ ಸರಿಯಿದೆ ಅಂತ ತಪ್ಪು ಹಾಡು ಹಾಕಿದರೆ ಜನ ಕೂತುಬಿಡುತ್ತಾರೆ. ಮದುವೆ ಮನೆಯಲ್ಲಿ ಮೊದಲು ಹಾಡು, ಆಮೇಲೆ ತಾಳ, ಮೂರನೆಯದು ಕೀ. ಶ್ರುತಿ ಕೂಡದಿದ್ದರೆ ಎರಡೂ ಹಾಡನ್ನು ಒಟ್ಟಿಗೆ ಓಡಿಸದೆ ಟಕ್ ಅಂತ ಕಟ್ ಮಾಡುತ್ತೇನೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಈಗ ನನ್ನ ಲೈಬ್ರರಿಯ ಕಾಮೆಂಟ್ ಕಾಲಂನಲ್ಲಿ ಎರಡು ಗುರುತು ಇರುತ್ತವೆ. ಒಂದು ಕ್ಯಾಮೆಲಾಟ್ ನಂಬರ್. ಪಕ್ಕದಲ್ಲಿ ಕಿವಿಯಿಂದ ಖಾತ್ರಿ ಮಾಡಿಕೊಂಡವಕ್ಕೆ ಮಾತ್ರ ಕ2, ಬ3, ಕ4 ಅಂತ. ಹೋದ ಸೀಸನ್ನಿನಲ್ಲಿ ಬೆಂಗಳೂರಿನ ಗೆಳೆಯನೊಬ್ಬ ಒಂದು ರಿಸೆಪ್ಷನ್ನಿಗೆ ನನ್ನ ಪೆನ್‌ಡ್ರೈವ್ ತಗೊಂಡು ಹೋಗಿದ್ದ. ಹತ್ತೂವರೆಗೆ ಮೆಸೇಜ್ ಬಂತು: "ಬ್ರೋ, ಕ2 ಅಂದ್ರೆ ಏನೋ? ಕ್ವಾಲಿಟಿ ಕಮ್ಮಿ ಅಂತಾನಾ? ಅವನ್ನೆಲ್ಲಾ ಬಿಟ್ಟು ಬಾರಿಸ್ತಿದ್ದೀನಿ."